ಅನಾರೋಗ್ಯಪೀಡಿತ ಮಕ್ಕಳಿಗಾಗಿ ವೇಷಧಾರಣೆ

ಅನಾರೋಗ್ಯಪೀಡಿತ ಮಕ್ಕಳಿಗಾಗಿ ವೇಷಧಾರಣೆ ಎಂಬುದು ರೋಗಪೀಡಿತ ಮಕ್ಕಳಿಗೆ ಸಂತೋಷ, ಧೈರ್ಯ ಅಥವಾ ಚಿಕಿತ್ಸೆಗೆ ಹಣದ ನೆರವು ಒದಗಿಸುವ ಉದ್ದೇಶದಿಂದ ಸ್ವಯಂಸೇವಕರು ಅಥವಾ ಕಲಾವಿದರು ವೇಷ ಧರಿಸಿ ಮಾಡುವ ಸೇವೆಯಾಗಿದೆ. ಜಗತ್ತಿನ ಅನೇಕ ದೇಶಗಳಲ್ಲಿ ಇದು ಆಸ್ಪತ್ರೆಯ ವಿದೂಷಕರ ರೂಪದಲ್ಲಿದೆ. ಕರ್ನಾಟಕದ ಕರಾವಳಿಯಲ್ಲಿ, ಅಂದರೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ, ಶ್ರೀಕೃಷ್ಣ ಜನ್ಮಾಷ್ಟಮಿ ಮತ್ತು ನವರಾತ್ರಿಯ ಸಂದರ್ಭದಲ್ಲಿ ವೇಷ ಹಾಕಿ ಬೀದಿ ಬೀದಿ ತಿರುಗಿ, ಸಂಗ್ರಹವಾದ ಹಣವನ್ನು ಮಕ್ಕಳ ಚಿಕಿತ್ಸೆಗೆ ನೀಡುವ ಪದ್ಧತಿಯಾಗಿ ಇದು ಬೆಳೆದಿದೆ.

ಈ ಎರಡು ರೂಪಗಳ ಮೂಲ ಬೇರೆ ಬೇರೆ. ಆಸ್ಪತ್ರೆಯ ವಿದೂಷಕ ಸರ್ಕಸ್ ಮತ್ತು ರಂಗಭೂಮಿಯಿಂದ ಬಂದವನು. ತುಳುನಾಡಿನ ವೇಷಧಾರಿಯ ಹಿಂದೆ ಹರಕೆಯ ವೇಷ, ಮಾರಿ ಕಳೆಯುವ ವೇಷ ಮೊದಲಾದ ಜನಪದ ಆಚರಣೆಗಳ ದೀರ್ಘ ಪರಂಪರೆಯಿದೆ. ತನ್ನ ಮನೆಯ ಕಾಯಿಲೆ ವಾಸಿಯಾಗಲೆಂದು ವೇಷ ಹಾಕುತ್ತಿದ್ದ ಸಮಾಜದಲ್ಲಿ, ಪರಿಚಯವೇ ಇಲ್ಲದ ಇನ್ನೊಬ್ಬರ ಮಗುವಿನ ಕಾಯಿಲೆಗಾಗಿ ವೇಷ ಹಾಕುವ ರೂಢಿ ಬೆಳೆದದ್ದು ಈ ಪರಂಪರೆಯಲ್ಲಿ ಆದ ಮುಖ್ಯ ಬದಲಾವಣೆಯಾಗಿದೆ.

ತುಳುನಾಡಿನ ಹಿನ್ನೆಲೆ

ಆಟಿ ಕಳೆಂಜ

ತುಳುವರ ಆಟಿ ತಿಂಗಳು ಸಾಮಾನ್ಯವಾಗಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುತ್ತದೆ. ಬಿರುಮಳೆಯ ಈ ಕಾಲದಲ್ಲಿ ಹಿಂದೆ ಆಹಾರದ ಕೊರತೆಯೂ ರೋಗರುಜಿನಗಳೂ ಒಟ್ಟಿಗೆ ಕಾಡುತ್ತಿದ್ದವು. ಈ ತಿಂಗಳಲ್ಲಿ ಊರಿಗೆ ಬಂದ ಮಾರಿಯನ್ನು ಕಳೆಯುವವನು ಆಟಿ ಕಳೆಂಜ ಎಂಬುದು ನಂಬಿಕೆ. ನಲಿಕೆ ಸಮುದಾಯದವರು ಈ ವೇಷವನ್ನು ಧರಿಸುತ್ತಾರೆ. ಸೊಂಟಕ್ಕೆ ತೆಂಗಿನ ಎಳೆಯ ಗರಿ ಕಟ್ಟಿ, ಮುಖಕ್ಕೆ ಬಣ್ಣ ಬಳಿದು, ತಲೆಗೆ ಅಡಕೆ ಹಾಳೆಯ ಟೋಪಿ ಇಟ್ಟು, ಕೈಯಲ್ಲಿ ತಾಳೆಗರಿಯ ಕೊಡೆ ತಿರುಗಿಸುತ್ತಾ ಕಳೆಂಜ ಮನೆಯಂಗಳಕ್ಕೆ ಬಂದು ಕುಣಿಯುತ್ತಾನೆ. ಜೊತೆಗಾರರು ತೆಂಬರೆ ಬಡಿಯುತ್ತಾ ಪಾಡ್ದನ ಹೇಳುತ್ತಾರೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಅರಸಿನ, ಉಪ್ಪು, ಹುಣಸೆ, ಮಸಿ ಮುಂತಾದವುಗಳನ್ನು ಕೊಟ್ಟು ಕಳುಹಿಸುತ್ತಾರೆ.

ವೇಷಧಾರಿ ಮನೆಗೆ ಬಂದು ಕುಣಿದರೆ ಕಾಯಿಲೆ ಹೊರಟುಹೋಗುತ್ತದೆ, ಪ್ರತಿಯಾಗಿ ಅವನಿಗೆ ಕಾಣಿಕೆ ಸಲ್ಲಬೇಕು ಎಂಬ ಕಲ್ಪನೆ ಈ ಆಚರಣೆಯಲ್ಲಿ ಸ್ಪಷ್ಟವಾಗಿದೆ. ಕಾಯಿಲೆ, ವೇಷ ಮತ್ತು ಕಾಣಿಕೆಗಳ ಇದೇ ಸಂಬಂಧ ಮುಂದಿನ ಆಚರಣೆಗಳಲ್ಲಿಯೂ ಬೇರೆ ಬೇರೆ ರೀತಿಯಲ್ಲಿ ಕಾಣಿಸುತ್ತದೆ.

ಹರಕೆಯ ವೇಷ

ನವರಾತ್ರಿಯಲ್ಲಿ ಹುಲಿ, ಸಿಂಹ, ಕರಡಿ, ಕೊರವಂಜಿ ಮೊದಲಾದ ವೇಷಗಳು ಕರಾವಳಿಯ ಬೀದಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಹುಲಿವೇಷ ಹೆಚ್ಚು ಪ್ರಸಿದ್ಧವಾದುದು. ತುಳುವಿನಲ್ಲಿ ಇದನ್ನು ಪಿಲಿವೇಷ ಅಥವಾ ಪಿಲಿ ನಲಿಕೆ ಎನ್ನುತ್ತಾರೆ. ಹುಲಿ ದೇವಿಯ ವಾಹನವಾದುದರಿಂದ, ಮನೆಯಲ್ಲಿ ಯಾರಿಗಾದರೂ, ವಿಶೇಷವಾಗಿ ಮಕ್ಕಳಿಗೆ, ಕಾಯಿಲೆ ಬಂದಾಗ ‘ಗುಣವಾದರೆ ಹುಲಿವೇಷ ಹಾಕಿಸುತ್ತೇವೆ’ ಎಂದು ಹರಕೆ ಹೊರುವುದುಂಟು. ಚೇತರಿಸಿಕೊಂಡ ಮಗುವಿಗೇ ಮರಿಹುಲಿಯ ಬಣ್ಣ ಹಾಕಿಸುವುದೂ ಉಂಟು. ಬಣ್ಣ ಬಳಿದು ಒಣಗಿಸಲು ಗಂಟೆಗಟ್ಟಲೆ ಹಿಡಿಯುವುದರಿಂದ ವೇಷ ಹಾಕುವುದೇ ಒಂದು ವ್ರತದಂತೆ ನಡೆಯುತ್ತದೆ. ತಾಸೆಯ ಪೆಟ್ಟಿಗೆ ಕುಣಿಯುತ್ತಾ ಮನೆ, ಅಂಗಡಿ, ದೇವಸ್ಥಾನಗಳಿಗೆ ಹೋಗುವ ತಂಡಗಳಿಗೆ ಜನರು ಹಣ ಕೊಡುತ್ತಾರೆ. ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವುದು ಈ ಕುಣಿತದ ಪ್ರಸಿದ್ಧ ಕಸರತ್ತಾಗಿದೆ.

ಯಕ್ಷಗಾನದಲ್ಲಿಯೂ ಇದೇ ನಂಬಿಕೆ ಇದೆ. ಕಟೀಲು, ಧರ್ಮಸ್ಥಳ, ಮಂದಾರ್ತಿ ಮೊದಲಾದ ಕ್ಷೇತ್ರಗಳ ಮೇಳಗಳು ಆಡುವ ಬಯಲಾಟಗಳಲ್ಲಿ ಬಹುಪಾಲು ಹರಕೆಯ ಆಟಗಳು. ಕಾಯಿಲೆ ವಾಸಿಯಾದುದಕ್ಕಾಗಿ ಅಥವಾ ಸಂತಾನಪ್ರಾಪ್ತಿಗಾಗಿ ಭಕ್ತರು ಆಟವನ್ನು ಆಡಿಸುತ್ತಾರೆ. ಇಲ್ಲಿ ವೇಷ ಹಾಕುವವರು ಕಲಾವಿದರು, ಹರಕೆ ಮಾತ್ರ ಮನೆಯವರದು.

ಸೇವೆಗಾಗಿ ವೇಷ

ರವಿ ಕಟಪಾಡಿ

ಹರಕೆಯ ವೇಷವು ಪರೋಪಕಾರದ ವೇಷವಾಗಿ ಬದಲಾದುದಕ್ಕೆ ಹೆಚ್ಚು ಪರಿಚಿತವಾದ ಉದಾಹರಣೆ ಉಡುಪಿ ಜಿಲ್ಲೆಯ ರವಿ ಕಟಪಾಡಿಯವರದು. ಕಟ್ಟಡ ನಿರ್ಮಾಣದಲ್ಲಿ ದಿನಗೂಲಿ ಕಾರ್ಮಿಕರಾಗಿದ್ದ ಅವರು 2010ರ ದಶಕದಿಂದ ಕೃಷ್ಣಾಷ್ಟಮಿ ಮತ್ತು ಮರುದಿನದ ವಿಟ್ಲಪಿಂಡಿಯ ಸಂದರ್ಭದಲ್ಲಿ ವಿಶಿಷ್ಟ ವೇಷಗಳನ್ನು ಹಾಕಿ, ಸ್ನೇಹಿತರ ತಂಡದೊಂದಿಗೆ ಸುತ್ತಾಡಿ ಹಣ ಸಂಗ್ರಹಿಸಿ, ಗಂಭೀರ ಕಾಯಿಲೆಯಿಂದ ಬಳಲುವ ಬಡ ಕುಟುಂಬಗಳ ಮಕ್ಕಳಿಗೆ ಹಂಚುತ್ತಾ ಬಂದಿದ್ದಾರೆ. ಅವರ ವೇಷಗಳು ಸಾಂಪ್ರದಾಯಿಕ ಹುಲಿ, ಕರಡಿಗಳಲ್ಲ. ಹಾಲಿವುಡ್ ಚಲನಚಿತ್ರಗಳ ವಿಚಿತ್ರ ಜೀವಿಗಳ ಮಾದರಿಯಲ್ಲಿ ಮುಖವಾಡ, ಕೊಂಬು ಮತ್ತು ಕೃತಕ ಚರ್ಮಗಳನ್ನು ಬಳಸಿ ರೂಪಿಸಿದವು. ಹಿಂದಿ ದೂರದರ್ಶನದ ‘ಕೌನ್ ಬನೇಗಾ ಕರೋಡ್‌ಪತಿ’ ಕಾರ್ಯಕ್ರಮದ ‘ಕರ್ಮವೀರ’ ಸಂಚಿಕೆಯಲ್ಲಿ ಪಾಲ್ಗೊಂಡ ಬಳಿಕ ಅವರ ಕೆಲಸ ಕರಾವಳಿಯ ಹೊರಗೂ ಪರಿಚಿತವಾಯಿತು.

ವಿಟ್ಲಪಿಂಡಿಯ ದಿನ ಉಡುಪಿ ಕೃಷ್ಣಮಠದ ರಥಬೀದಿಯಲ್ಲಿ ಕೃಷ್ಣನ ಮೃಣ್ಮಯ ಮೂರ್ತಿಯ ಮೆರವಣಿಗೆ ನಡೆಯುತ್ತದೆ. ಗೊಲ್ಲರ ವೇಷದವರು ಮೊಸರಿನ ಮಡಿಕೆಗಳನ್ನು ಒಡೆಯುತ್ತಾರೆ. ಅಂದು ವೇಷ ಹಾಕುವುದು ಮತ್ತು ವೇಷಕ್ಕೆ ಕಾಸು ಕೊಡುವುದು ಎರಡೂ ಊರಿನ ರೂಢಿ. ಆದ್ದರಿಂದ ವೇಷಧಾರಿಯ ಡಬ್ಬಿಗೆ ಹಣ ಹಾಕುವುದನ್ನು ಜನರು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಹಣ ತಲುಪುವ ಜಾಗ ಮಾತ್ರ ಬದಲಾಯಿತು.

ಸಿದ್ಧಕಟ್ಟೆ ಮತ್ತು ಸುತ್ತಮುತ್ತ

ಸಿದ್ಧಕಟ್ಟೆಯು ಬಂಟ್ವಾಳ ತಾಲೂಕಿನಲ್ಲಿ, ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಲ್ಲಿರುವ ಪೇಟೆ. ಬೆಳ್ತಂಗಡಿ ತಾಲೂಕಿನ ವೇಣೂರು ಕೂಡ ಇಲ್ಲಿಗೆ ಸಮೀಪದಲ್ಲಿದೆ. ಮೂರು ತಾಲೂಕುಗಳ ಜನರು ಬಂದುಹೋಗುವ ಇಂತಹ ಪೇಟೆಗಳಲ್ಲಿ ಮೊಸರುಕುಡಿಕೆ, ಶಾರದೋತ್ಸವ, ಜಾತ್ರೆ ಮತ್ತು ಕಂಬಳಗಳು ಜನ ಸೇರುವ ಮುಖ್ಯ ಸಂದರ್ಭಗಳಾಗಿವೆ. ಈ ಪ್ರದೇಶದ ಯುವಕ ಮಂಡಲಗಳು ಮತ್ತು ಗೆಳೆಯರ ತಂಡಗಳು ಇಂತಹ ದಿನಗಳಲ್ಲಿ ವೇಷ ಹಾಕಿ, ರೋಗಿಯ ಚಿಕಿತ್ಸೆಗೆಂದು ಡಬ್ಬಿ ಹಿಡಿದು ಅಂಗಡಿ ಸಾಲಿನಲ್ಲಿ, ಬಸ್ ನಿಲ್ದಾಣದಲ್ಲಿ ಹಣ ಸಂಗ್ರಹಿಸುವುದು ಸಾಮಾನ್ಯವಾಗಿದೆ.

ತಂಡದ ಕೆಲಸ ಸಾಮಾನ್ಯವಾಗಿ ಹೀಗೆ ಹಂಚಿಕೆಯಾಗುತ್ತದೆ: ಒಬ್ಬರೋ ಇಬ್ಬರೋ ವೇಷ ಹಾಕುತ್ತಾರೆ, ಕೆಲವರು ಡಬ್ಬಿ ಹಿಡಿಯುತ್ತಾರೆ, ಒಬ್ಬರು ಧ್ವನಿವರ್ಧಕದಲ್ಲಿ ವಿಷಯ ತಿಳಿಸುತ್ತಾರೆ, ಉಳಿದವರು ವೇಷಧಾರಿಗೆ ದಾರಿ ಬಿಡಿಸಿ ನೀರು ಕುಡಿಸುವ ವ್ಯವಸ್ಥೆ ನೋಡಿಕೊಳ್ಳುತ್ತಾರೆ. ಮುಖವಾಡ ಮತ್ತು ಭಾರವಾದ ಉಡುಪಿನೊಳಗೆ ಸೆಕೆ ತಡೆಯುವುದು ಕಷ್ಟ. ಮುಖಕ್ಕೆ ಅಂಟಿಸಿದ ಭಾಗಗಳಿದ್ದರೆ ಊಟ ಮಾಡಲೂ ಆಗುವುದಿಲ್ಲ.

ನೆರವಿನ ಅಗತ್ಯ

ಸಿದ್ಧಕಟ್ಟೆಯಂತಹ ಊರಿನ ಮಗುವಿಗೆ ಹೃದಯದ ಶಸ್ತ್ರಚಿಕಿತ್ಸೆ ಅಥವಾ ಕ್ಯಾನ್ಸರ್ ಚಿಕಿತ್ಸೆ ಬೇಕಾದರೆ ಮಂಗಳೂರು, ಮಣಿಪಾಲ ಅಥವಾ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಮಂಗಳೂರಿನಲ್ಲಿ 1848ರಲ್ಲಿ ಆರಂಭವಾದ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಿದ್ದು, ಅದರ ಆವರಣದಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ಪ್ರಾದೇಶಿಕ ಚಿಕಿತ್ಸಾ ಕೇಂದ್ರವಿದೆ.

ಸರ್ಕಾರದ ನೆರವೂ ಲಭ್ಯವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಶಾಲೆಗಳಲ್ಲಿ ತಪಾಸಣೆ ಮಾಡಿ, ಜನ್ಮಜಾತ ದೋಷ ಮುಂತಾದವುಗಳಿದ್ದರೆ ಚಿಕಿತ್ಸೆಗೆ ಕಳುಹಿಸಲಾಗುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ಆದರೂ ದೀರ್ಘಕಾಲದ ಚಿಕಿತ್ಸೆಯಲ್ಲಿ ಯೋಜನೆಯ ವ್ಯಾಪ್ತಿಗೆ ಬಾರದ ಖರ್ಚುಗಳಿರುತ್ತವೆ: ಪದೇ ಪದೇ ಪ್ರಯಾಣ, ಆಸ್ಪತ್ರೆಯ ಬಳಿ ತಂಗುವುದು, ಜೊತೆಗಿರುವ ತಂದೆ ಅಥವಾ ತಾಯಿಯ ದಿನಗೂಲಿ ತಪ್ಪುವುದು, ಮನೆಗೆ ಬಂದ ನಂತರದ ಔಷಧ ಮತ್ತು ಪೌಷ್ಟಿಕ ಆಹಾರ. ಕೂಲಿ ಮಾಡಿ ಅಥವಾ ಬೀಡಿ ಕಟ್ಟಿ ಬದುಕುವ ಕುಟುಂಬಕ್ಕೆ ಈ ಸಣ್ಣ ಸಣ್ಣ ಖರ್ಚುಗಳೇ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವ ಕಾರಣವಾಗಬಹುದು. ವೇಷ ಹಾಕಿ ಸಂಗ್ರಹಿಸಿದ ಹಣ ಮುಖ್ಯವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ಆಸ್ಪತ್ರೆಯ ವಿದೂಷಕರು

ಇತಿಹಾಸ

ಹಣ ಸಂಗ್ರಹಿಸುವ ಬದಲು ನೇರವಾಗಿ ರೋಗಿಯ ಹಾಸಿಗೆಯ ಬಳಿಗೆ ಹೋಗುವ ವೇಷಧಾರಿಗಳನ್ನು ಆಸ್ಪತ್ರೆಯ ವಿದೂಷಕರು ಅಥವಾ ವೈದ್ಯಕೀಯ ವಿದೂಷಕರು ಎನ್ನುತ್ತಾರೆ. ಅಮೆರಿಕದ ವೈದ್ಯ ಪ್ಯಾಚ್ ಆಡಮ್ಸ್ 1971ರಲ್ಲಿ ಗೆಸುಂಡ್‌ಹೈಟ್ ಸಂಸ್ಥೆಯನ್ನು ಆರಂಭಿಸಿ, ವಿದೂಷಕನ ವೇಷದಲ್ಲಿ ರೋಗಿಗಳನ್ನು ನೋಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಇದನ್ನು ಆಸ್ಪತ್ರೆಗಳಲ್ಲಿ ಕ್ರಮಬದ್ಧ ಕಾರ್ಯಕ್ರಮವಾಗಿ ರೂಪಿಸಿದವರಲ್ಲಿ ಮೊದಲಿಗರು ನ್ಯೂಯಾರ್ಕಿನ ಬಿಗ್ ಆ್ಯಪಲ್ ಸರ್ಕಸ್‌ನ ಸ್ಥಾಪಕರಲ್ಲಿ ಒಬ್ಬರಾದ ಮೈಕೆಲ್ ಕ್ರಿಸ್ಟೆನ್‌ಸನ್. 1986ರಲ್ಲಿ ಅವರು ಆರಂಭಿಸಿದ ಘಟಕದಲ್ಲಿ ತರಬೇತಿ ಪಡೆದ ಸರ್ಕಸ್ ಕಲಾವಿದರು ಬಿಳಿ ಕೋಟು ತೊಟ್ಟು, ಹುಸಿ ವೈದ್ಯರಾಗಿ ಮಕ್ಕಳ ವಾರ್ಡುಗಳಲ್ಲಿ ಸುತ್ತಾಡುತ್ತಿದ್ದರು. 1991ರಲ್ಲಿ ಫ್ರಾನ್ಸ್ ಮತ್ತು ಬ್ರೆಜಿಲ್ ದೇಶಗಳಲ್ಲಿಯೂ ಇಂತಹ ಸಂಸ್ಥೆಗಳು ಹುಟ್ಟಿಕೊಂಡವು. ಇಸ್ರೇಲಿನಲ್ಲಿ 2002ರಲ್ಲಿ ಆರಂಭವಾದ ಡ್ರೀಮ್ ಡಾಕ್ಟರ್ಸ್ ಯೋಜನೆಯು ವಿದೂಷಕರನ್ನು ಚಿಕಿತ್ಸಾ ತಂಡದ ಭಾಗವಾಗಿಸಿತು. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪ್ರಾಂತ್ಯವು ಸಾರ್ವಜನಿಕ ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ವಿದೂಷಕರಿರಬೇಕೆಂದು 2015ರಲ್ಲಿ ಕಾನೂನು ಮಾಡಿತು.

ಭಾರತದಲ್ಲಿ ಈ ಸೇವೆ ಬಹುಮಟ್ಟಿಗೆ ಸ್ವಯಂಸೇವಕರ ತಂಡಗಳಿಂದ ನಡೆಯುತ್ತಿದೆ. ದೆಹಲಿಯ ಕ್ಲೌನ್‌ಸೆಲರ್ಸ್ ಮತ್ತು ಬೆಂಗಳೂರಿನ ಕಂಪ್ಯಾಷನೇಟ್ ಕ್ಲೌನ್ಸ್ ಇಂತಹ ತಂಡಗಳು. ಚೆನ್ನೈನಲ್ಲಿ ಲಿಟಲ್ ಥಿಯೇಟರ್ ಎಂಬ ರಂಗತಂಡ ಈ ಕೆಲಸದಲ್ಲಿ ತೊಡಗಿದೆ.

ಕಾರ್ಯವಿಧಾನ

ಆಸ್ಪತ್ರೆಯ ವಿದೂಷಕರು ಸಾಮಾನ್ಯವಾಗಿ ಇಬ್ಬರಾಗಿ ಹೋಗುತ್ತಾರೆ. ಮಗು ಮಾತನಾಡಲು ಇಷ್ಟಪಡದಿದ್ದರೆ ಇಬ್ಬರೂ ತಮ್ಮೊಳಗೇ ಆಟವಾಡಿಕೊಳ್ಳಬಹುದು, ಮಗು ದೂರದಿಂದ ನೋಡುತ್ತಿದ್ದರೆ ಸಾಕು. ಸರ್ಕಸ್ಸಿನಂತೆ ಮುಖಕ್ಕೆ ದಪ್ಪ ಬಿಳಿ ಬಣ್ಣ ಬಳಿಯದೆ, ಕೆಂಪು ಮೂಗು, ಬಣ್ಣದ ಟೋಪಿ, ಅಳತೆ ಮೀರಿದ ಬೂಟು ಇಷ್ಟಕ್ಕೇ ವೇಷವನ್ನು ಸೀಮಿತಗೊಳಿಸುವುದು ರೂಢಿ. ವಾರ್ಡಿಗೆ ಹೋಗುವ ಮೊದಲು ದಾದಿಯರಿಂದ ಯಾವ ಮಗುವಿಗೆ ನಗುವಾಗ ನೋವಾಗುತ್ತದೆ, ಯಾರಿಗೆ ಶಸ್ತ್ರಚಿಕಿತ್ಸೆ ಆಗಿದೆ, ಯಾರ ಬಳಿ ಹೋಗಬಾರದು ಎಂಬ ವಿವರ ಪಡೆಯುತ್ತಾರೆ.

ಬಾಗಿಲಲ್ಲಿ ನಿಂತು ‘ಒಳಗೆ ಬರಬಹುದೇ?’ ಎಂದು ಮಗುವನ್ನೇ ಕೇಳುವುದು ಈ ಕೆಲಸದ ಮೂಲ ನಿಯಮ. ಚುಚ್ಚುಮದ್ದು, ರಕ್ತಪರೀಕ್ಷೆ, ಕಹಿ ಔಷಧ ಯಾವುದನ್ನೂ ಬೇಡವೆನ್ನುವ ಹಕ್ಕು ಆಸ್ಪತ್ರೆಯಲ್ಲಿ ಮಗುವಿಗಿಲ್ಲ. ವಿದೂಷಕನಿಗೆ ಮಾತ್ರ ಅದು ‘ಬೇಡ’ ಎನ್ನಬಹುದು, ಹಾಗೆಂದರೆ ಅವನು ಹೊರಟುಹೋಗಬೇಕು. ಬೇಡವೆಂದು ಅವನನ್ನು ಕಳುಹಿಸಲು ಸಾಧ್ಯವಾಗುವುದೂ ಮಗುವಿಗೆ ಧೈರ್ಯ ಕೊಡುತ್ತದೆ ಎಂಬುದು ಈ ಕ್ಷೇತ್ರದವರ ಅಭಿಪ್ರಾಯ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ರೋಗನಿರೋಧಕ ಶಕ್ತಿ ಕಡಿಮೆಯಿರುತ್ತದೆ. ಆದುದರಿಂದ ನೆಗಡಿ, ಜ್ವರ ಇರುವ ಸ್ವಯಂಸೇವಕರು ಆಸ್ಪತ್ರೆಗೆ ಹೋಗಬಾರದು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈ ಶುಚಿಗೊಳಿಸಬೇಕು. ಒಂದು ಮಗುವಿನ ಆಟಿಕೆಯನ್ನು ಒರೆಸದೆ ಇನ್ನೊಂದಕ್ಕೆ ಕೊಡಬಾರದು. ರಬ್ಬರ್ ಅಲರ್ಜಿ ಉಂಟಾಗಬಹುದಾದುದರಿಂದ ಬಲೂನುಗಳನ್ನು ಅನೇಕ ಆಸ್ಪತ್ರೆಗಳು ನಿಷೇಧಿಸಿವೆ.

ಪರಿಣಾಮದ ಅಧ್ಯಯನಗಳು

ಇಟಲಿಯ ಫ್ಲಾರೆನ್ಸ್‌ನಲ್ಲಿ 40 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ನೀಡುವಾಗ ಹೆತ್ತವರ ಜೊತೆ ವಿದೂಷಕರೂ ಇದ್ದ ಮಕ್ಕಳಲ್ಲಿ ಆತಂಕ ಕಡಿಮೆಯಿದ್ದುದು ಕಂಡುಬಂದಿತು. ಆದರೆ ವಿದೂಷಕರಿಂದ ಕೆಲಸಕ್ಕೆ ಅಡಚಣೆಯಾಗುತ್ತದೆ ಎಂಬ ಕಾರಣದಿಂದ ಹೆಚ್ಚಿನ ಸಿಬ್ಬಂದಿ ಅದನ್ನು ಮುಂದುವರಿಸಲು ಒಪ್ಪಲಿಲ್ಲ ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಮರ್ಶೆಯೊಂದು 24 ಅಧ್ಯಯನಗಳ ಒಟ್ಟು 1,612 ಮಕ್ಕಳು ಮತ್ತು ಹದಿಹರೆಯದವರ ಮಾಹಿತಿಯನ್ನು ಪರಿಶೀಲಿಸಿ, ವಿದೂಷಕರ ಉಪಸ್ಥಿತಿಯಿಂದ ಚಿಕಿತ್ಸೆಯ ವೇಳೆಯ ಆತಂಕ ಕಡಿಮೆಯಾಗಿ ಮಾನಸಿಕ ಸ್ವಾಸ್ಥ್ಯ ಸುಧಾರಿಸಬಹುದು ಎಂದು ತಿಳಿಸಿತು. ಇವು ಭಯ, ಆಯಾಸ, ನೋವುಗಳಿಗೆ ಸಂಬಂಧಿಸಿದ ಫಲಿತಾಂಶಗಳು. ವಿದೂಷಕರು ರೋಗವನ್ನೇ ಗುಣಪಡಿಸುತ್ತಾರೆ ಎಂದು ಇವುಗಳಿಂದ ತಿಳಿಯಬಾರದು.

ಎರಡು ಪದ್ಧತಿಗಳ ಹೋಲಿಕೆ

ಆಸ್ಪತ್ರೆಯ ವಿದೂಷಕ ಮಗುವಿನ ಎದುರಿಗೇ ಇರುತ್ತಾನೆ, ಅವನ ವೇಷವನ್ನು ನೋಡಬೇಕಾದದ್ದು ಆ ಮಗು. ಕರಾವಳಿಯ ವೇಷಧಾರಿಯನ್ನು ನೋಡುವುದು ಬೀದಿಯ ಜನ. ಯಾರಿಗಾಗಿ ವೇಷ ಹಾಕಲಾಗಿದೆಯೋ ಆ ಮಗು ಹೆಚ್ಚಾಗಿ ಆಸ್ಪತ್ರೆಯಲ್ಲೋ ಮನೆಯಲ್ಲೋ ಮಲಗಿರುತ್ತದೆ. ಮೊದಲನೆಯದರಲ್ಲಿ ವೇಷ ಭಯ ಹುಟ್ಟಿಸದಷ್ಟು ಸೌಮ್ಯವಾಗಿರಬೇಕು, ಎರಡನೆಯದರಲ್ಲಿ ಜನರು ನಿಂತು ನೋಡುವಷ್ಟು ಭೀಕರ ಅಥವಾ ಅದ್ಭುತವಾಗಿರಬೇಕು. ಹೀಗಾಗಿ ಬೀದಿಯಲ್ಲಿ ಮೆಚ್ಚುಗೆ ಪಡೆದ ರಾಕ್ಷಸನ ವೇಷವನ್ನು ಹಾಗೆಯೇ ಮಕ್ಕಳ ವಾರ್ಡಿಗೆ ಕೊಂಡೊಯ್ಯಲಾಗದು.

ಕರಾವಳಿಯಲ್ಲಿಯೇ ಸೌಮ್ಯ ಹಾಸ್ಯದ ವೇಷಗಳಿಗೂ ಕೊರತೆಯಿಲ್ಲ. ಯಕ್ಷಗಾನದ ಪೂರ್ವರಂಗದಲ್ಲಿ ಕುಣಿಯುವ ಕೋಡಂಗಿ ಮತ್ತು ಪ್ರಸಂಗದ ಹಾಸ್ಯಗಾರ ವೇಷಗಳು ಇಲ್ಲಿನ ಮಕ್ಕಳಿಗೆ ಕೆಂಪು ಮೂಗಿನ ವಿದೂಷಕನಿಗಿಂತ ಹೆಚ್ಚು ಪರಿಚಿತವಾಗಿವೆ.

ಎಚ್ಚರಿಕೆಗಳು ಮತ್ತು ಆಕ್ಷೇಪಗಳು

ಸಮುದಾಯಗಳನ್ನು ಅಣಕಿಸುವ ವೇಷಗಳು

ಕಾಯಿಲೆ ಮತ್ತು ವೇಷದ ಸಂಬಂಧಕ್ಕೆ ಕರಾವಳಿಯಲ್ಲಿ ಕಹಿಯಾದ ಇತಿಹಾಸವೂ ಇದೆ. ಅಜಲು ಪದ್ಧತಿಯಲ್ಲಿ ಕೊರಗ ಸಮುದಾಯದವರನ್ನು ಕೀಳಾಗಿ ಕಂಡು, ಇತರರ ಅನಿಷ್ಟ ಮತ್ತು ರೋಗಗಳು ಅವರಿಗೆ ವರ್ಗವಾಗಲೆಂದು ಕೂದಲು, ಉಗುರು ಬೆರೆಸಿದ ಆಹಾರವನ್ನು ಅವರಿಗೆ ತಿನ್ನಿಸಲಾಗುತ್ತಿತ್ತು. ಕರ್ನಾಟಕ ಸರ್ಕಾರವು 2000ದಲ್ಲಿ ಕಾನೂನಿನ ಮೂಲಕ ಅಜಲು ಪದ್ಧತಿಯನ್ನು ನಿಷೇಧಿಸಿತು. ಹಬ್ಬ ಮತ್ತು ಮದುವೆಗಳಲ್ಲಿ ಮೈಗೆ ಮಸಿ ಬಳಿದು ‘ಕೊರಗ ವೇಷ’ ಹಾಕಿ ಅಣಕಿಸುವುದನ್ನೂ ಕೊರಗ ಸಮುದಾಯ ವಿರೋಧಿಸುತ್ತಾ ಬಂದಿದೆ. ಒಂದು ಮಗುವಿನ ನೋವು ಕಡಿಮೆ ಮಾಡಲು ಹಾಕಿದ ವೇಷ ಇನ್ನೊಂದು ಮಗುವಿನ ಕುಟುಂಬವನ್ನು ಅವಮಾನಿಸಬಾರದು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ದೈವಗಳ ವೇಷ

ಭೂತಾರಾಧನೆಯಲ್ಲಿ ದೈವದ ಅಣಿ ಕಟ್ಟುವುದು ನಿರ್ದಿಷ್ಟ ಸಮುದಾಯಗಳ ಆರಾಧನಾ ಹಕ್ಕು ಮತ್ತು ಕರ್ತವ್ಯ. 2022ರಲ್ಲಿ ‘ಕಾಂತಾರ’ ಚಲನಚಿತ್ರ ಬಿಡುಗಡೆಯಾದ ನಂತರ ವೇದಿಕೆ ಮತ್ತು ಮೆರವಣಿಗೆಗಳಲ್ಲಿ ದೈವದ ವೇಷ ಹಾಕುವುದು ಹೆಚ್ಚಾಗಿ, ಅದಕ್ಕೆ ತುಳುನಾಡಿನಲ್ಲಿ ತೀವ್ರ ಆಕ್ಷೇಪ ವ್ಯಕ್ತವಾಯಿತು. ಸೇವೆಯ ಉದ್ದೇಶವಿದ್ದರೂ ಇಂತಹ ವೇಷಗಳನ್ನು ಜನರು ಒಪ್ಪುವುದಿಲ್ಲ.

ಮಗುವಿನ ಘನತೆ ಮತ್ತು ಹಣದ ಲೆಕ್ಕ

ಹಣ ಸಂಗ್ರಹಿಸುವಾಗ ಮಗುವಿನ ಭಾವಚಿತ್ರ, ಹೆಸರು, ಕಾಯಿಲೆಯ ವಿವರಗಳನ್ನು ಬ್ಯಾನರ್‌ನಲ್ಲಿ ಮುದ್ರಿಸುವುದು ವ್ಯಾಪಕವಾಗಿದೆ. ಹೆತ್ತವರ ಒಪ್ಪಿಗೆ ಇದ್ದರೂ, ಗುಣವಾಗಿ ಶಾಲೆಗೆ ಮರಳಿದ ಮಗುವನ್ನು ಊರಿನವರು ಅದೇ ಚಿತ್ರದಿಂದ ಗುರುತಿಸುವ ಸಾಧ್ಯತೆಯಿದೆ. ಆದುದರಿಂದ ಕಾಯಿಲೆ ಮತ್ತು ಬೇಕಾದ ಮೊತ್ತವನ್ನಷ್ಟೇ ತಿಳಿಸಿ, ಮಗುವಿನ ಮುಖವನ್ನು ತೋರಿಸದಿರುವುದು ಉತ್ತಮ ಕ್ರಮವಾಗಿದೆ. ಡಬ್ಬಿಗೆ ಮೊಹರು ಹಾಕುವುದು, ಅದನ್ನು ಹಲವರ ಎದುರಿನಲ್ಲಿ ತೆರೆದು ಎಣಿಸುವುದು, ಹಣವನ್ನು ನಗದಾಗಿ ಕೊಡದೆ ಬ್ಯಾಂಕ್ ಮೂಲಕ ಅಥವಾ ಆಸ್ಪತ್ರೆಗೆ ನೇರವಾಗಿ ಪಾವತಿಸುವುದು, ಒಟ್ಟು ಮೊತ್ತವನ್ನು ಸಾರ್ವಜನಿಕವಾಗಿ ಪ್ರಕಟಿಸುವುದು ವಿಶ್ವಾಸ ಉಳಿಸಿಕೊಳ್ಳುವ ಸಾಮಾನ್ಯ ವಿಧಾನಗಳು. ವೇಷದೊಳಗಿನ ಮುಖ ಕಾಣದಿರುವುದರಿಂದ, ಸಂಗ್ರಹಿಸುವವರು ಯಾರೆಂದು ತಿಳಿಯುವಂತೆ ತಂಡದ ಹೆಸರು ಮತ್ತು ಸಂಪರ್ಕ ವಿವರವನ್ನು ಡಬ್ಬಿಯ ಮೇಲೆ ಬರೆಯುವುದೂ ಅಗತ್ಯ.

ವೇಷಧಾರಿಯ ಆರೋಗ್ಯ

ಕಟ್ಟಡಗಳಿಗೆ ಬಳಿಯುವ ಎಣ್ಣೆ ಬಣ್ಣಗಳನ್ನು ಮೈಗೆ ಹಚ್ಚಿಕೊಂಡರೆ ಚರ್ಮದಲ್ಲಿ ಉರಿ ಮತ್ತು ತುರಿಕೆ ಉಂಟಾಗಬಹುದು. ಅದನ್ನು ತೆಗೆಯಲು ಸೀಮೆಎಣ್ಣೆ ಅಥವಾ ಥಿನ್ನರ್ ಬಳಸುವುದು ಇನ್ನಷ್ಟು ಹಾನಿಕರ. ಮೈ ಪೂರ್ತಿ ಮುಚ್ಚುವ ಉಡುಪಿನಲ್ಲಿ ಬೆವರು ಆರದೆ ದೇಹದ ಉಷ್ಣತೆ ಏರುವುದರಿಂದ, ನಡುನಡುವೆ ಮುಖವಾಡ ತೆಗೆದು ನೀರು ಕುಡಿಯುವುದು ಮತ್ತು ನೆರಳಿನಲ್ಲಿ ವಿಶ್ರಮಿಸುವುದು ಅವಶ್ಯಕ.

ಜನಪ್ರಿಯ ಸಂಸ್ಕೃತಿಯಲ್ಲಿ

ಪ್ಯಾಚ್ ಆಡಮ್ಸ್ ಅವರ ಜೀವನವನ್ನು ಆಧರಿಸಿದ, ರಾಬಿನ್ ವಿಲಿಯಮ್ಸ್ ನಟಿಸಿದ ಆಂಗ್ಲ ಚಲನಚಿತ್ರ ‘ಪ್ಯಾಚ್ ಆಡಮ್ಸ್’ 1998ರಲ್ಲಿ ತೆರೆಕಂಡಿತು. ರೋಗಿಗೆ ಔಷಧದಷ್ಟೇ ನಗು ಮತ್ತು ಆತ್ಮೀಯತೆಯೂ ಬೇಕು ಎಂಬ ವಸ್ತುವನ್ನುಳ್ಳ ಹಿಂದಿ ಚಲನಚಿತ್ರ ‘ಮುನ್ನಾಭಾಯಿ ಎಂ.ಬಿ.ಬಿ.ಎಸ್.’ 2003ರಲ್ಲಿ ಬಿಡುಗಡೆಯಾಯಿತು. ಅದರ ಕನ್ನಡ ಅವತರಣಿಕೆ, ಉಪೇಂದ್ರ ನಟಿಸಿದ ‘ಉಪ್ಪಿ ದಾದಾ ಎಂ.ಬಿ.ಬಿ.ಎಸ್.’ 2006ರಲ್ಲಿ ತೆರೆಗೆ ಬಂದಿತು.